ಯುದ್ಧಕೈದಿ ಮೇಲೆ ಕೈ ಮಾಡಿದರೆ ಯಾರು ಹೊಣೆ? ನಿವೃತ್ತ ಸೇನಾ ವಕೀಲರನ್ನು ಕೇಳಿ

ಅಡ್ಮಿನ್: ಇವತ್ತು ಸಂಜೆ ಮೇಜರ್ ಸಾಹೇಬರು ನಮ್ಮ ಜೊತೆ ಇದ್ದಾರೆ. ಸೇನೆಯ ಕಾನೂನು ವಿಭಾಗದಿಂದ ನಿವೃತ್ತರಾದವರು. ವಿಷಯ ಒಂದೇ: ಸೆರೆಸಿಕ್ಕವರಿಗೆ ಹಿಂಸೆ ಕೊಟ್ಟ ಸೈನಿಕರಿಗೆ ಏನಾಗುತ್ತದೆ, ಏನಾಗಬೇಕು. ರಾಜಕೀಯ ಬೇಡ, ಫಾರ್ವರ್ಡ್ ಬೇಡ.

ತುಮಕೂರು ಹುಡುಗ: ನಮಸ್ತೆ ಸರ್. ಫ್ಯಾಮಿಲಿ ಗ್ರೂಪಿನಲ್ಲಿ ಒಂದು ಮೆಸೇಜ್ ಬಂದಿದೆ. ‘ಜಿನೀವಾ ಒಪ್ಪಂದದ ಪ್ರಕಾರ ಸೆರೆಸಿಕ್ಕ ಯೋಧನನ್ನು 7 ದಿನದೊಳಗೆ ವಾಪಸ್ ಕಳಿಸಲೇಬೇಕು, ಇಲ್ಲದಿದ್ದರೆ ಆ ದೇಶದ ಸೇನಾಧಿಕಾರಿಗಳಿಗೆ ಜೈಲು’ ಅಂತ. ನಿಜವಾ?

ಮೇಜರ್: ಸುಳ್ಳು. ನಾನು ಸೇವೆಯಲ್ಲಿದ್ದಾಗಲೂ ಈ 7 ದಿನದ ಕಥೆ ಓಡಾಡುತ್ತಿತ್ತು. 1949ರ ಮೂರನೇ ಜಿನೀವಾ ಒಪ್ಪಂದದ 118ನೇ ಕಲಂ ನೋಡಿ. ಹೋರಾಟ ನಿಂತ ಮೇಲೆ ತಡಮಾಡದೆ ಬಿಡಬೇಕು ಅಂತ ಇದೆ, ದಿನದ ಲೆಕ್ಕ ಇಲ್ಲ. 1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಶರಣಾದ ಪಾಕಿಸ್ತಾನಿಯರಲ್ಲಿ ಕೊನೆಯವರು ಗಡಿ ದಾಟಿದ್ದು 1974ರ ಏಪ್ರಿಲ್‌ನಲ್ಲಿ. ಅಭಿನಂದನ್ 2019ರಲ್ಲಿ ಎರಡೇ ದಿನಕ್ಕೆ ವಾಪಸ್ ಬಂದದ್ದು ರಾಜಕೀಯ ತೀರ್ಮಾನದಿಂದ, ಯಾವ ಕಲಮಿನಿಂದಲೂ ಅಲ್ಲ. ದಯವಿಟ್ಟು ಆ ಮೆಸೇಜ್ ಡಿಲೀಟ್ ಮಾಡಿ. ಸೆರೆಯಲ್ಲಿರುವವನ ಮನೆಯವರು ಅದನ್ನು ನಂಬಿಕೊಂಡು ಎಂಟನೇ ದಿನ ಬಾಗಿಲಲ್ಲಿ ಕಾಯುತ್ತಾರೆ.

ಕಾಫಿ ತೋಟ, ಮಡಿಕೇರಿ: ನಮ್ಮ ಕಾರಿಯಪ್ಪನವರ ಮಗ 1965ರಲ್ಲಿ ಪಾಕಿಸ್ತಾನದವರ ಕೈಗೆ ಸಿಕ್ಕಾಗ ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಬಿಡಿಸಿ ಕಳಿಸುತ್ತೇನೆ ಅಂದಿದ್ದರಂತೆ. ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ, ಬಿಟ್ಟರೆ ಎಲ್ಲರನ್ನೂ ಬಿಡಿ ಅಂದರಂತೆ ಕಾರಿಯಪ್ಪ. ನಮ್ಮ ಕಡೆ ಈಗಲೂ ಹೇಳುತ್ತಾರೆ.

ಮೇಜರ್: ನಾವೂ ಮೆಸ್ಸಿನಲ್ಲಿ ಕೇಳಿದ್ದೇವೆ.

ಜಾಲಹಳ್ಳಿ ಹಳಬ: ಎರಡನೇ ಮಹಾಯುದ್ಧದಲ್ಲಿ ನಮ್ಮ ಜಾಲಹಳ್ಳಿಯಲ್ಲಿ ಇಟಲಿಯ ಕೈದಿಗಳ ಕ್ಯಾಂಪ್ ಇತ್ತು. ಅವರಿಗೆ ಸಂಬಳ ಇತ್ತಾ ಸರ್?

ಹಾಸನದ ತಾಯಿ: ಸರ್, ನನ್ನ ಮಗ ಅಗ್ನಿವೀರ ಆಗಿ ಸೇರಿದ್ದಾನೆ, ಈಗ ಬೆಳಗಾವಿಯಲ್ಲಿ ತರಬೇತಿ. ಹೆದರಿಸಬೇಡಿ, ನಿಜ ಹೇಳಿ. ನಾಳೆ ಎಲ್ಲೋ ಒಬ್ಬ ಕೈದಿಯನ್ನು ಇವನ ಕೈಗೆ ಕೊಟ್ಟು, ಮೇಲಿನವರು ‘ಸ್ವಲ್ಪ ಬುದ್ಧಿ ಕಲಿಸು’ ಅಂದರೆ ಇವನು ಏನು ಮಾಡಬೇಕು? ಹೊಡೆದರೂ ತಪ್ಪು, ಮಾತು ಮೀರಿದರೂ ತಪ್ಪು ಅಲ್ವಾ?

ಮೇಜರ್: ತಾಯಿ, ಇದಕ್ಕೆ ಉದ್ದಕ್ಕೆ ಬರೆಯುತ್ತೇನೆ.

ಮೊದಲು ಕಾನೂನು. ಆರ್ಮಿ ಆಕ್ಟ್ 41ನೇ ಸೆಕ್ಷನ್ನಿನಲ್ಲಿ ಶಿಕ್ಷೆ ಇರುವುದು ಕಾನೂನುಬದ್ಧ ಆದೇಶವನ್ನು ಮೀರಿದರೆ ಮಾತ್ರ. ಕೈದಿಗೆ ಹೊಡಿ ಅನ್ನುವುದು ಕಾನೂನುಬದ್ಧ ಆದೇಶ ಅಲ್ಲ. ಹಾಗಾಗಿ ಹೊಡೆಯಲ್ಲ ಅಂದರೆ ತಪ್ಪಲ್ಲ, ಹೊಡೆದರೆ ತಪ್ಪು. ‘ಸಾಹೇಬರು ಹೇಳಿದರು’ ಅನ್ನುವ ಮಾತು ನಾಜಿ ನಾಯಕರ ನ್ಯೂರೆಂಬರ್ಗ್ ವಿಚಾರಣೆ ಆದ ಮೇಲೆ ರಕ್ಷಣೆಗೆ ಬರುವುದಿಲ್ಲ.

ಕಾಗದದ ಮೇಲೆ ಇಷ್ಟೇ. ನಿಜವಾಗಿ ಏನಾಗುತ್ತದೆ ಅನ್ನುವುದಕ್ಕೆ ಒಂದು ಕೇಸು ಹೇಳುತ್ತೇನೆ. ನನ್ನ ಜೂನಿಯರ್‌ಗಳಿಗೆ ಓದಲೇಬೇಕು ಅಂತ ಕೊಡುತ್ತಿದ್ದ ಕೇಸು.

2003ರ ಸೆಪ್ಟೆಂಬರ್, ಇರಾಕಿನ ಬಸ್ರಾ. ಬ್ರಿಟಿಷ್ ಸೈನಿಕರು ಒಂದು ಹೋಟೆಲ್ ಮೇಲೆ ದಾಳಿ ಮಾಡಿ ಕೆಲವರನ್ನು ಹಿಡಿದರು. ಅವರಲ್ಲಿ ಬಹಾ ಮೂಸಾ ಒಬ್ಬ. ಹೋಟೆಲ್ ರಿಸೆಪ್ಷನಿಸ್ಟ್, ವಯಸ್ಸು 26, ಎರಡು ಮಕ್ಕಳ ತಂದೆ. ಅವನು ಸೈನಿಕನಲ್ಲ, ಆದರೆ ಕೈಗೆ ಸಿಕ್ಕವನ ಮೇಲೆ ಕೈ ಮಾಡಬಾರದು ಅನ್ನುವ ನಿಯಮ ಅವನಿಗೂ ಅಷ್ಟೇ. ತಲೆಗೆ ಚೀಲ ಹಾಕಿದರು, ಗೋಡೆಗೆ ಒರಗಿ ಮಂಡಿ ಮಡಿಸಿ ನಿಲ್ಲಿಸಿದರು, ನಿದ್ದೆ ಮಾಡಲು ಬಿಡಲಿಲ್ಲ. ಡೊನಾಲ್ಡ್ ಪೇನ್ ಅನ್ನುವ ಕಾರ್ಪೊರಲ್ ಸಾಲಾಗಿ ಒಬ್ಬೊಬ್ಬರಿಗೇ ಒದ್ದು, ಅವರ ನರಳಾಟ ಕೇಳಿಸಿ ಇದು ನನ್ನ ಭಜನಾಮೇಳ ಅನ್ನುವ ಹಾಗೆ ಬಂದವರಿಗೆ ತೋರಿಸುತ್ತಿದ್ದ. ಎರಡು ದಿನ ತುಂಬುವ ಮೊದಲೇ ಬಹಾ ಮೂಸಾ ಸತ್ತ. ಮೈಮೇಲೆ 93 ಗಾಯ.

ಈಗ ಗಮನಿಸಿ. ಆ ಕೋಣೆಗೆ ಬಾಗಿಲಿರಲಿಲ್ಲವೇ? ಇತ್ತು. ಬೇರೆ ಬೇರೆ ತುಕಡಿಯವರು ಬಂದು ಹೋದರು. ಪಾದ್ರಿ ಬಂದರು. ಡಾಕ್ಟರ್ ಬಂದು ಬದುಕಿಸಲು ನೋಡಿದರು, ಆಮೇಲೆ ಮೂಗಿನ ಹತ್ತಿರ ಒಣಗಿದ ರಕ್ತ ಬಿಟ್ಟು ಬೇರೇನೂ ಕಾಣಲಿಲ್ಲ ಅಂದರು. ಆ ಡಾಕ್ಟರ ಹೆಸರನ್ನು ವೈದ್ಯರ ಪಟ್ಟಿಯಿಂದ ತೆಗೆಯಲು 2012ರವರೆಗೆ ಕಾಯಬೇಕಾಯಿತು.

ಕೋರ್ಟ್ ಮಾರ್ಷಲ್ ಆಯಿತು. ಏಳು ಮಂದಿ ಆರೋಪಿಗಳು, ಅವರಲ್ಲಿ ಬೆಟಾಲಿಯನ್ ಮುಖ್ಯಸ್ಥ ಕರ್ನಲ್ ಕೂಡ. ಆರು ಮಂದಿ ಖುಲಾಸೆ. ಪೇನ್ ತಾನೇ ಅಮಾನವೀಯ ವರ್ತನೆಯ ತಪ್ಪು ಒಪ್ಪಿಕೊಂಡಿದ್ದಕ್ಕೆ ಒಂದು ವರ್ಷ ಜೈಲು, ನೌಕರಿಯಿಂದ ವಜಾ. ಒಂದು ಜೀವಕ್ಕೆ ಒಂದು ವರ್ಷ. ಸೈನಿಕರು ಒಬ್ಬರನ್ನೊಬ್ಬರು ಬಿಟ್ಟುಕೊಡದೆ ಒಗ್ಗಟ್ಟಾಗಿ ಬಾಯಿ ಮುಚ್ಚಿದ್ದರಿಂದ ಸಾಕ್ಷಿಯೇ ಸಿಗಲಿಲ್ಲ ಅಂತ ನ್ಯಾಯಾಧೀಶರೇ ಹೇಳಿದರು. ಕಾನೂನು ಬೇಕಾದಷ್ಟಿತ್ತು. ಕೇಸು ಬಿದ್ದದ್ದು ಬಾಯಿ ಬಿಡುವವರಿಲ್ಲದೆ.

ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು. ತಲೆಗೆ ಚೀಲ ಹಾಕುವುದು, ಗೋಡೆಗೆ ನಿಲ್ಲಿಸುವುದು, ನಿದ್ದೆ ಕೆಡಿಸುವುದು, ಕರ್ಕಶ ಸದ್ದು, ಅನ್ನ ನೀರು ಕಡಿಮೆ ಮಾಡುವುದು, ಈ ಐದನ್ನೂ ಉತ್ತರ ಐರ್ಲೆಂಡ್ ಗಲಾಟೆಯ ನಂತರ 1972ರಲ್ಲೇ ಬ್ರಿಟನ್ ಪ್ರಧಾನಿ ಸಂಸತ್ತಿನಲ್ಲಿ ನಿಷೇಧಿಸಿದ್ದರು. 31 ವರ್ಷದಲ್ಲಿ ಸೇನೆ ಅದನ್ನು ಮರೆತೇಬಿಟ್ಟಿತ್ತು. 2011ರಲ್ಲಿ ಸರ್ ವಿಲಿಯಂ ಗೇಜ್ ವಿಚಾರಣಾ ವರದಿ ಇದನ್ನು ಇಡೀ ರಕ್ಷಣಾ ಇಲಾಖೆಯ ವೈಫಲ್ಯ ಅಂತ ಬರೆಯಿತು. ಹಿಡಿದವರನ್ನು 14 ಗಂಟೆಯೊಳಗೆ ದೊಡ್ಡ ಕ್ಯಾಂಪಿಗೆ ಒಪ್ಪಿಸಬೇಕು ಅನ್ನುವ ಆದೇಶವೂ ಇತ್ತು. ಒಪ್ಪಿಸಲಿಲ್ಲ. ಏಟು ಬೀಳುವುದು ಸಾಮಾನ್ಯವಾಗಿ ಇಲ್ಲೇ, ಹಿಡಿದ ಜಾಗಕ್ಕೂ ರಿಜಿಸ್ಟರ್ ಇರುವ ಕ್ಯಾಂಪಿಗೂ ನಡುವೆ.

ಹಾಗಾಗಿ ನಿಮ್ಮ ಮಗನಿಗೆ ಇಷ್ಟು ಹೇಳಿ. ಕೈದಿಯನ್ನು ಬೇಗ ಮುಂದಕ್ಕೆ ಒಪ್ಪಿಸಲಿ. ಎಷ್ಟು ಗಂಟೆಗೆ, ಯಾರಿಗೆ, ಮೈಮೇಲೆ ಯಾವ ಗಾಯ ಇತ್ತು ಅಂತ ಬರೆಸಲಿ. ‘ಬುದ್ಧಿ ಕಲಿಸು’ ಅಂದರೆ ನಾಲ್ಕು ಜನರಿಗೆ ಕೇಳುವ ಹಾಗೆ ‘ಏನು ಮಾಡಬೇಕು ಅಂತ ಬಿಡಿಸಿ ಹೇಳಿ ಸಾಬ್’ ಅನ್ನಲಿ. ಹಾಗೆ ಕೇಳಿದರೆ ಮುಕ್ಕಾಲು ಪಾಲು ಜನ ಅಲ್ಲಿಗೇ ನಿಲ್ಲಿಸುತ್ತಾರೆ.

ರಣಧೀರ: ಇಂಗ್ಲಿಷರ ಕಥೆ ನಮಗ್ಯಾಕೆ? ಸೌರಭ್ ಕಾಲಿಯಾ ಅವರಿಗೆ ಏನು ಮಾಡಿದರು ಅಂತ ಗೊತ್ತಿಲ್ವಾ? ಅದನ್ನು ಹೇಳಿ ಮೊದಲು.

ಮೇಜರ್: ಗೊತ್ತಿದೆ. 1999ರ ಮೇ, ಕಾರ್ಗಿಲ್‌ನ ಕಕ್ಸರ್. ಕ್ಯಾಪ್ಟನ್ ಕಾಲಿಯಾ ಮತ್ತು ಐವರು ಜವಾನರು ಗಸ್ತಿಗೆ ಹೋದವರು ಸೆರೆಸಿಕ್ಕರು. ಜೂನ್ 9ಕ್ಕೆ ದೇಹಗಳು ಬಂದವು, ಹಿಂಸೆಯ ಗುರುತುಗಳೊಂದಿಗೆ. ಪಾಕಿಸ್ತಾನ ಒಪ್ಪಲಿಲ್ಲ, ಇವತ್ತಿಗೂ ಒಬ್ಬನಿಗೂ ಶಿಕ್ಷೆ ಆಗಿಲ್ಲ.

ರಣಧೀರ: ಹಾಗಾದರೆ ಹೇಗ್ ಕೋರ್ಟಿಗೆ ಯಾಕೆ ಹೋಗಲಿಲ್ಲ? ಒಂದು ಲಕ್ಷ ಸಹಿ ಆದರೆ ಕೇಸು ತಗೋತಾರೆ ಅಂತ ಲಿಂಕ್ ಬಂದಿದೆ. ಎಲ್ಲರೂ ಸಹಿ ಮಾಡಿ 🙏

ಮೇಜರ್: ಆ ಲಿಂಕ್ ತೆಗೆಯಿರಿ. ಅಂತಾರಾಷ್ಟ್ರೀಯ ನ್ಯಾಯಾಲಯ ಸಹಿ ಎಣಿಸಿ ಕೇಸು ತೆಗೆದುಕೊಳ್ಳುವುದಿಲ್ಲ, ಅಲ್ಲಿಗೆ ಹೋಗುವುದು ದೇಶಗಳು ಮಾತ್ರ. ಕಾಮನ್‌ವೆಲ್ತ್ ದೇಶಗಳ (ಪಾಕಿಸ್ತಾನವೂ ಅದರಲ್ಲಿದೆ) ಜೊತೆಗಿನ ಜಗಳಕ್ಕೆ ಆ ಕೋರ್ಟಿನ ಅಧಿಕಾರ ನಾವು ಒಪ್ಪುವುದಿಲ್ಲ ಅಂತ 1974ರಲ್ಲಿ ಬರೆದುಕೊಟ್ಟವರು ನಾವೇ. ಕಛ್ ಹತ್ತಿರ ಪಾಕಿಸ್ತಾನದ ವಿಮಾನ ಹೊಡೆದುರುಳಿಸಿದ ಕೇಸಿನಲ್ಲಿ 2000ದಲ್ಲಿ ಅದೇ ಮಾತು ತೋರಿಸಿ ಗೆದ್ದೆವು. ಬಾಗಿಲಿಗೆ ಚಿಲಕ ಹಾಕಿದ್ದು ನಮ್ಮ ಕಡೆಯಿಂದ.

ಇನ್ನೊಂದು ದಾರಿ ಇದೆ, ಯಾರೂ ಕೇಳುವುದಿಲ್ಲ. ನಮ್ಮದೇ 1960ರ ಜಿನೀವಾ ಒಪ್ಪಂದಗಳ ಕಾಯ್ದೆ. ಕೈದಿಯನ್ನು ಬೇಕಂತಲೇ ಕೊಂದರೆ ಮರಣದಂಡನೆ ಅಥವಾ ಜೀವಾವಧಿ. ಚಿತ್ರಹಿಂಸೆಯಂಥ ಉಳಿದ ಘೋರ ಉಲ್ಲಂಘನೆಗೆ 14 ವರ್ಷದವರೆಗೆ. ಯಾವ ದೇಶದವನೇ ಮಾಡಿರಲಿ, ಎಲ್ಲೇ ಮಾಡಿರಲಿ. ಆದರೆ 17ನೇ ಸೆಕ್ಷನ್ ಪ್ರಕಾರ ಸರ್ಕಾರ ಅಥವಾ ಅದು ಸೂಚಿಸಿದ ಅಧಿಕಾರಿ ದೂರು ಕೊಟ್ಟರೆ ಮಾತ್ರ ಕೋರ್ಟ್ ಕೈಗೆತ್ತಿಕೊಳ್ಳುತ್ತದೆ. ಸತ್ತವನ ಅಪ್ಪ ದೂರು ಕೊಟ್ಟರೆ ನಡೆಯುವುದಿಲ್ಲ. ನನ್ನ ಕೇಳಿದರೆ ಮೊದಲು ತಿದ್ದಬೇಕಾದದ್ದು ಈ ಸೆಕ್ಷನ್.

ರಾಯಚೂರು ಓದುಗ: ಬಿಎಸ್‌ಎಫ್‌ನವರಿಗೂ ಇದೇ ಕಾನೂನಾ ಸರ್?

ರಣಧೀರ: ಅವರು ನಮ್ಮವರ ಕಣ್ಣು ಕೀಳಬೇಕು, ನಾವು ಅವರ ಕೈದಿಗೆ ಹೋಳಿಗೆ ಬಡಿಸಬೇಕು. ಚೆನ್ನಾಗಿದೆ ಸ್ವಾಮಿ ನಿಮ್ಮ ಕಾನೂನು.

ಮೈಸೂರು ಮೇಷ್ಟ್ರು: ಹೋಳಿಗೆ ಯಾರೂ ಕೇಳಿಲ್ಲ. 1946ರ ಜನವರಿಯಲ್ಲಿ ಸಿಂಗಾಪುರದಲ್ಲಿ ಬ್ರಿಟಿಷರು ನಡೆಸಿದ ಮೊದಲ ಯುದ್ಧಾಪರಾಧ ವಿಚಾರಣೆ ಯಾರ ಬಗ್ಗೆ ಗೊತ್ತಾ? ಜಪಾನೀಯರ ಸೆರೆಯಲ್ಲಿದ್ದ ಭಾರತೀಯ ಸಿಪಾಯಿಗಳ ಬಗ್ಗೆ. ಗೊಜಾವಾ ಅನ್ನುವ ಕ್ಯಾಪ್ಟನ್ ಮತ್ತು ಅವನ ಕೈಕೆಳಗಿನ 9 ಮಂದಿ ಕಟಕಟೆಯಲ್ಲಿ ನಿಂತರು. ಸಕ್ಕರೆ ಕದ್ದ ಅಂತ ಒಬ್ಬ ಸಿಪಾಯಿಯ ತಲೆ ಕಡಿದಿದ್ದರು. ಈ ನಿಯಮ ನಮ್ಮವರನ್ನೂ ಕಾದಿದೆ.

ರಣಧೀರ: ಮೇಷ್ಟ್ರೇ, ಪಾಠ ಕ್ಲಾಸಿನಲ್ಲಿ ಮಾಡಿ. ಗಡಿಗೆ ಹೋಗಿ ನಿಂತಿದ್ದೀರಾ ಯಾವತ್ತಾದರೂ?

ಮೈಸೂರು ಮೇಷ್ಟ್ರು: ನೀವು ನಿಂತಿದ್ದೀರಾ?

ರಣಧೀರ: ನಮ್ಮ ಚಿಕ್ಕಪ್ಪ ನಿಂತಿದ್ದಾರೆ.

ಮೈಸೂರು ಮೇಷ್ಟ್ರು: ಹಾಗಾದರೆ ಚಿಕ್ಕಪ್ಪನವರೇ ಬಂದು ಮಾತಾಡಲಿ.

ಅಡ್ಮಿನ್: ಇಬ್ಬರೂ ಸುಮ್ನಿರಿ.

ದಾವಣಗೆರೆ ಲಾ ಸ್ಟೂಡೆಂಟ್: ಸರ್, ಕೆಳಗಿನವರು ಮಾಡಿದ್ದು ನನಗೆ ಗೊತ್ತೇ ಇರಲಿಲ್ಲ ಅಂತ ಆಫೀಸರ್ ಹೇಳಿದರೆ ಬಚಾವಾ?

ಮೇಜರ್: ಪುಸ್ತಕದಲ್ಲಿ ಬಚಾವಲ್ಲ. ಫಿಲಿಪ್ಪೀನ್ಸ್‌ನಲ್ಲಿದ್ದ ಜಪಾನಿ ಜನರಲ್ ಯಮಾಶಿತಾನನ್ನು ತನ್ನ ಸೈನಿಕರನ್ನು ಹದ್ದುಬಸ್ತಿನಲ್ಲಿ ಇಡಲಿಲ್ಲ ಅನ್ನುವ ಆರೋಪದ ಮೇಲೆ 1946ರಲ್ಲಿ ನೇಣಿಗೆ ಹಾಕಿದರು. ಸೋತವರ ಜನರಲ್‌ಗೆ ಆ ಅಳತೆ. ಗೆದ್ದವರ ಕಡೆ ಬನ್ನಿ. ಇರಾಕಿನ ಅಬು ಘ್ರೈಬ್ ಜೈಲಿನಲ್ಲಿ ಅಮೆರಿಕದ ಸೈನಿಕರು ಕೈದಿಗಳನ್ನು ಹಿಂಸಿಸುವ ಫೋಟೋಗಳು 2004ರಲ್ಲಿ ಹೊರಬಿದ್ದವು. ಚಾರ್ಲ್ಸ್ ಗ್ರೇನರ್ ಅನ್ನುವ ಕೆಳದರ್ಜೆಯವನಿಗೆ 10 ವರ್ಷ. ಬ್ರಿಗೇಡಿಯರ್ ಜನರಲ್ ಕಾರ್ಪಿನ್ಸ್ಕಿಗೆ ಒಂದು ರ‍್ಯಾಂಕ್ ಇಳಿಕೆ. ಗುಪ್ತಚರ ಕರ್ನಲ್‌ಗೆ ಛೀಮಾರಿ, 8,000 ಡಾಲರ್ ದಂಡ. ಅಧಿಕಾರಿಗಳಲ್ಲಿ ಕೋರ್ಟ್ ಮಾರ್ಷಲ್ ಕಂಡ ಲೆಫ್ಟಿನೆಂಟ್ ಕರ್ನಲ್ ಜೋರ್ಡನ್ ಹಿಂಸೆಯ ಆರೋಪದಿಂದ ಖುಲಾಸೆ.

ಶಿರಸಿ ಭಾವ: ಸೆರೆಸಿಕ್ಕ ಯೋಧ ಹೆಸರು, ರ‍್ಯಾಂಕ್, ನಂಬರ್ ಬಿಟ್ಟು ಒಂದು ಮಾತಾಡಿದರೂ ವಾಪಸ್ ಬಂದ ಮೇಲೆ ಕೋರ್ಟ್ ಮಾರ್ಷಲ್ ಅಂತ ಫಾರ್ವರ್ಡ್ ಓದಿದೆ.

ಮೇಜರ್: ಮೂರನೇ ಜಿನೀವಾ ಒಪ್ಪಂದದ 17ನೇ ಕಲಂ ನೋಡಿ. ಹೆಸರು, ರ‍್ಯಾಂಕ್, ಹುಟ್ಟಿದ ದಿನ, ನಂಬರ್, ಇಷ್ಟು ಹೇಳಲೇಬೇಕು. ಉಳಿದದ್ದಕ್ಕೆ ಅವನನ್ನು ಹಿಂಸಿಸುವಂತಿಲ್ಲ. ಟೀ ಚೆನ್ನಾಗಿದೆ ಅಂದರೆ ಕೋರ್ಟ್ ಮಾರ್ಷಲ್ ಆಗುವುದಿಲ್ಲ.

ಬೀದರ್ ಕೋಟೆ: 1971ರ ಯುದ್ಧಾಪರಾಧದ ಆರೋಪವಿದ್ದ 195 ಪಾಕಿಸ್ತಾನಿ ಕೈದಿಗಳ ವಿಚಾರಣೆ ಯಾಕೆ ನಡೆಯಲಿಲ್ಲ?

ಮೇಜರ್: ಬಾಂಗ್ಲಾದೇಶ ನಡೆಸುತ್ತೇವೆ ಅಂದಿತ್ತು. ಅದನ್ನು ತಡೆಯಲು ಪಾಕಿಸ್ತಾನ 1973ರಲ್ಲಿ ನಮ್ಮ ಮೇಲೆ ಹೇಗ್‌ಗೆ ಹೋಗಿ, ಆಮೇಲೆ ಕೇಸು ಹಿಂದೆ ತೆಗೆದುಕೊಂಡಿತು. 1974ರ ಏಪ್ರಿಲ್ 9ರ ದೆಹಲಿ ಒಪ್ಪಂದದಲ್ಲಿ ಬಾಂಗ್ಲಾದೇಶ ಕ್ಷಮೆಯ ಹೆಸರಿನಲ್ಲಿ ಕೈಬಿಟ್ಟಿತು. ಮೂರೂ ದೇಶಕ್ಕೆ ಬೇರೆ ಬೇರೆ ತುರ್ತು ಇತ್ತು. ಸತ್ತವರ ಕಡೆಯಿಂದ ಆ ಮೇಜಿನಲ್ಲಿ ಯಾರೂ ಕೂತಿರಲಿಲ್ಲ.

ಕೋಲಾರ ಗೋಲ್ಡ್: ಸರ್, ಎಷ್ಟು ದಿನದಲ್ಲಿ ಬಿಡಬೇಕು? 7 ಅಂತಾರಲ್ಲ?

ಮೇಜರ್: ಮೇಲೆ ಓದಿ.

ಚಿಕ್ಕಮಗಳೂರು ಮಳೆ: 7 ದಿನ ಅಲ್ಲ, 8 ದಿನ. ಯೂಟ್ಯೂಬ್‌ನಲ್ಲಿ ಒಬ್ಬ ಮೇಷ್ಟ್ರು ಹೇಳಿದ್ದಾರೆ.

ಮೇಜರ್: ಹಾಗಾದರೆ ಅವರನ್ನೇ ಕೇಳಿ.

ರಾಯಚೂರು ಓದುಗ: ಬಿಎಸ್‌ಎಫ್ ಬಗ್ಗೆ ಕೇಳಿದ್ದೆ...

ಹಾಸನದ ತಾಯಿ: ಸರ್, ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಿ. ಬೇರೆಯವರು ಹೊಡೆಯುವುದನ್ನು ನನ್ನ ಮಗ ನೋಡಿ, ಮೇಲೆ ಹೇಳಿದರೆ ಅವನ ಗತಿ ಏನು?

ಮೇಜರ್: ನಿಜ ಹೇಳಿ ಅಂದಿದ್ದೀರಿ, ಹೇಳುತ್ತೇನೆ. ಅಬು ಘ್ರೈಬ್ ಫೋಟೋಗಳ ಸಿಡಿಯನ್ನು ತನಿಖೆಯವರಿಗೆ ಕೊಟ್ಟವನು ಜೋ ಡಾರ್ಬಿ ಅನ್ನುವ ಸಾಮಾನ್ಯ ಸೈನಿಕ. ಹೆಸರು ಗುಟ್ಟಾಗಿ ಇಡುತ್ತೇವೆ ಅಂದಿದ್ದರು. ಅವನು ಇರಾಕ್‌ನಲ್ಲೇ ಮೆಸ್ಸಿನಲ್ಲಿ ಊಟಕ್ಕೆ ಕೂತಿದ್ದಾಗ ರಕ್ಷಣಾ ಮಂತ್ರಿ ರಮ್ಸ್‌ಫೆಲ್ಡ್ ಟಿವಿಯಲ್ಲಿ ಹೆಸರು ಹಿಡಿದು ಹೊಗಳಿದರು. ಸುತ್ತ ನೂರಾರು ಸೈನಿಕರು. ಊರಿನವರು ದ್ರೋಹಿ ಅಂದರು, ಅವನು ಅಲ್ಲಿಗೆ ವಾಪಸ್ ಹೋಗಿ ಬಾಳಲು ಆಗಲಿಲ್ಲ. ತನಿಖಾ ವರದಿ ಬರೆದ ಮೇಜರ್ ಜನರಲ್ ಟಗುಬಾ ಅವರನ್ನೇ 2007ರಲ್ಲಿ ನಿವೃತ್ತಿ ಮಾಡಿಸಿದರು.

ಆದರೆ ಡಾರ್ಬಿ ಬಾಯಿ ಬಿಟ್ಟಿದ್ದಕ್ಕೇ 11 ಸೈನಿಕರಿಗೆ ಶಿಕ್ಷೆ ಆಯಿತು. ಅಲ್ಲಿ ಕೆಲಸ ಮಾಡಿದ ಖಾಸಗಿ ಕಂಪನಿಯ ಮೇಲೆ ಮೂವರು ಇರಾಕಿಗಳು 2008ರಲ್ಲಿ ಹಾಕಿದ ದಾವೆಯಲ್ಲಿ 2024ರ ನವೆಂಬರ್‌ನಲ್ಲಿ ಜ್ಯೂರಿ 4.2 ಕೋಟಿ ಡಾಲರ್ ಪರಿಹಾರ ಹೇಳಿತು. ಬಸ್ರಾದಲ್ಲಿ ಅಂಥ ಒಬ್ಬನೂ ಇರಲಿಲ್ಲ.

ನಿಮ್ಮ ಮಗ ಹೇಳುವುದಾದರೆ ಒಬ್ಬನೇ ಹೋಗಿ ಪಿಸುಗುಟ್ಟುವುದು ಬೇಡ. ಬರೆದು ಕೊಡಲಿ, ತಾರೀಖು ಹಾಕಲಿ, ಕೊಟ್ಟಿದ್ದಕ್ಕೆ ಸಹಿ ತೆಗೆದುಕೊಳ್ಳಲಿ. ಫೋನಿನಲ್ಲಿ ಫೋಟೋ ತೆಗೆದು ಗ್ರೂಪಿಗೆ ಹಾಕುವುದು ಮಾತ್ರ ಖಂಡಿತ ಬೇಡ. ಕೈದಿಯನ್ನು ಜನರ ಮುಂದೆ ಪ್ರದರ್ಶನಕ್ಕಿಡುವುದೂ ಜಿನೀವಾ ಒಪ್ಪಂದದ 13ನೇ ಕಲಮಿನ ಉಲ್ಲಂಘನೆ.

ರಣಧೀರ: ಸಹೋದ್ಯೋಗಿಗಳ ಮೇಲೆ ಚಾಡಿ ಹೇಳುವುದನ್ನು ಕಲಿಸುತ್ತಿದ್ದೀರಿ. ನೀವು ಯಾವ ಸೇನೆಯಲ್ಲಿದ್ರಿ ಸಾಹೇಬ್ರೇ?

ಮೇಜರ್: ಇಂಥ ಕೇಸುಗಳಲ್ಲಿ ಕೋರ್ಟ್ ಮಾರ್ಷಲ್ ನಡೆಸುವ ಸೇನೆಯಲ್ಲಿ. ಅಡ್ಮಿನ್, ನನ್ನ ಕಡೆಯಿಂದ ಇವತ್ತಿಗೆ ಸಾಕು.

ಅಡ್ಮಿನ್: ಕಮೆಂಟ್ ಬಂದ್ ಮಾಡುತ್ತಿದ್ದೇನೆ. ರಣಧೀರ ಅವರು ಒಂದು ವಾರ ಮ್ಯೂಟ್. ಬಿಎಸ್‌ಎಫ್ ಪ್ರಶ್ನೆ ಮುಂದಿನ ಸಲ ಕೇಳೋಣ.