ಡ್ಯೂರರ್‌ನ ಅಚ್ಚಿನ ಚಿತ್ರಗಳಿಗೆ ‘ಕೆತ್ತನೆ’ ಒಂದೇ ಪದ ಸಾಕೇ?

ಗೆಳೆಯರೇ,

ಜರ್ಮನ್ ಚಿತ್ರಕಲೆಯ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಒಂದು ಪದದಲ್ಲಿ ಸಿಕ್ಕಿಕೊಂಡಿದ್ದೇನೆ, ನಿಮ್ಮ ಸಲಹೆ ಬೇಕು.

ವೆನಿಸ್ಸಿನ ಚಿತ್ರಗಾರರಿಗೆ ಬಣ್ಣ ಹೇಗೋ ಜರ್ಮನರಿಗೆ ಗೆರೆ ಹಾಗೆ. ನ್ಯೂರೆಂಬರ್ಗಿನ ಆಲ್‌ಬ್ರೆಕ್ಟ್ ಡ್ಯೂರರ್ ಯುರೋಪಿನಲ್ಲೆಲ್ಲ ಹೆಸರಾದದ್ದು ಬಣ್ಣದ ಚಿತ್ರಗಳಿಗಿಂತ ಜಾಸ್ತಿ ಅಚ್ಚಿನ ಚಿತ್ರಗಳಿಂದ. ಅದರಲ್ಲಿ ಎರಡು ಬಗೆ. 1498ರ ‘ಅಪೊಕಲಿಪ್ಸ್’ ಮಾಲೆ ಮರದ ಹಲಗೆಯಿಂದ ಬಂದದ್ದು. 1514ರ ‘ಮೆಲೆಂಕೋಲಿಯಾ’ ತಾಮ್ರದ ತಗಡಿನಿಂದ. ನಾವು ಎರಡಕ್ಕೂ ‘ಕೆತ್ತನೆ ಚಿತ್ರ’ ಅಂದುಬಿಡುತ್ತೇವೆ.

ಕೆಲಸ ನೋಡಿದರೆ ಒಂದಕ್ಕೊಂದು ಪೂರ್ತಿ ಉಲ್ಟಾ. ಮರದಲ್ಲಿ ಗೆರೆಯ ಅಕ್ಕಪಕ್ಕದ್ದನ್ನು ಕೆತ್ತಿ ತೆಗೆಯುತ್ತಾರೆ. ಎದ್ದುನಿಂತ ಗೆರೆಗೆ ಮಸಿ ಹತ್ತುತ್ತದೆ. ತಾಮ್ರದಲ್ಲಿ ಗೆರೆಯನ್ನೇ ಕೊರೆಯುತ್ತಾರೆ. ಮಸಿ ತಗ್ಗಿನಲ್ಲಿ ಕೂರುತ್ತದೆ. ಮೇಲಿನದನ್ನು ಒರೆಸಿ, ಒದ್ದೆ ಕಾಗದವಿಟ್ಟು ಬಲವಾಗಿ ಒತ್ತಬೇಕು. ಅದಕ್ಕೇ ಅಲ್ಲಿ ಕೂದಲೆಳೆಯಂಥ ಗೆರೆ ಸಾಧ್ಯ. ಡ್ಯೂರರ್‌ನ ಅಪ್ಪ ಅಕ್ಕಸಾಲಿಗ, ಮಗನೂ ಮೊದಲು ಕಲಿತದ್ದು ಅದೇ ಕಸುಬು. ತಾಮ್ರದ ಮೇಲೆ ಅವನ ಕೈ ಅಷ್ಟು ಸಲೀಸಾಗಿ ಓಡಿದ್ದರಲ್ಲಿ ಅಚ್ಚರಿ ಇಲ್ಲ, ಅಲ್ವಾ?

1905ರಲ್ಲಿ ಡ್ರೆಸ್ಡೆನ್ನಿನಲ್ಲಿ ‘ಬ್ರ್ಯೂಕೆ’ ಎಂಬ ಚಿತ್ರಗಾರರ ಗುಂಪು ಕಟ್ಟಿದ ಕಿರ್ಚ್‌ನರ್ ಮತ್ತು ಗೆಳೆಯರು ಮತ್ತೆ ಮರಕ್ಕೇ ಕೈಹಾಕಿದರು. ಅವರದು ಬೇಕೆಂದೇ ಒರಟು, ಉಳಿಯ ಗುರುತು ಹಾಗೇ ಕಾಣುತ್ತದೆ. ಅದಕ್ಕೆ ‘ಕೆತ್ತನೆ’ ಚೆನ್ನಾಗಿಯೇ ಒಪ್ಪುತ್ತದೆ. ‘ಮೆಲೆಂಕೋಲಿಯಾ’ಗೆ ಅದೇ ಪದ ಹಾಕಿದರೆ ಓದುವವರಿಗೆ ಒರಟು ಉಳಿಯೇ ಕಣ್ಣಿಗೆ ಬರುತ್ತದೆ.

ನನಗೆ ಹೊಳೆದದ್ದು ಇಷ್ಟು. ಮರದ್ದಕ್ಕೆ ‘ಮರದಚ್ಚು’. ಆದರೆ ಬಟ್ಟೆಗೆ ಅಚ್ಚೊತ್ತುವ ದಿಮ್ಮಿಗೂ ಅದೇ ಹೆಸರಿದೆ. ಚಿತ್ರವೋ ದಿಮ್ಮಿಯೋ ಎಂಬ ಗೊಂದಲ ಆಗಬಹುದು. ತಾಮ್ರದ್ದಕ್ಕೆ ‘ತಾಮ್ರಕೊರೆತ’ ಅನ್ನೋಣ ಅಂದರೆ ಕಡಲ್ಕೊರೆತ ನೆನಪಾಗುತ್ತದೆ, ಇಲ್ಲವೇ ಯಾರದೋ ಉದ್ದನೆಯ ಭಾಷಣ! ‘ಉಬ್ಬಚ್ಚು’, ‘ತಗ್ಗಚ್ಚು’ ಕೆಲಸದ ರೀತಿಯನ್ನು ಸರಿಯಾಗಿ ಹೇಳುತ್ತವೆ. ಆದರೆ ಆಸಿಡ್ಡಿನಿಂದ ಗೆರೆ ತಿನ್ನಿಸಿ ಮಾಡುವ ಚಿತ್ರವೂ ತಗ್ಗಚ್ಚೇ ಆಗುತ್ತದಲ್ಲ.

ಶಾಸನಗಳಲ್ಲಿ ‘ಕಂಡರಿಸಿದ’, ಅಂದರೆ ಕೊರೆದ, ಅಂತ ಬರುತ್ತದೆ. ‘ತಾಮ್ರ ಕಂಡರಣೆ’ ನನಗೆ ಹಿಡಿಸಿದೆ. ಇವತ್ತಿನ ಓದುಗರಿಗೆ ತೀರಾ ಹಳೆಯದಾಯಿತೇ? ಪಾತ್ರೆ ಮೇಲೆ ಹೆಸರು ಹಾಕುವವರು, ಬೆಳ್ಳಿ ಕೆಲಸದವರು ಈ ಗೆರೆ ಎಳೆಯುವ ಕೆಲಸಕ್ಕೆ, ಅದರ ಚೂಪು ಮೊನೆಯ ಉಪಕರಣಕ್ಕೆ ಏನನ್ನುತ್ತಾರೆ? ನಿಮ್ಮ ಊರ ಕಡೆಯ ಪದ ಇದ್ದರೆ ಅದನ್ನೇ ತಿಳಿಸಿ, ಹೊಸದು ಕಟ್ಟುವ ಕೆಲಸ ತಪ್ಪುತ್ತದೆ.