ಅಣ್ಣ ಚಿಕಿತ್ಸೆ ಒಲ್ಲೆ ಅಂತಾನೆ, ದವಾಖಾನೆಯವರು ಅವನ ಒಪ್ಪಿಗೆ ಬೇಕು ಅಂತಾರೆ. ಏನು ಮಾಡಬೇಕು?

ಶಹಾಪುರದ ತಮ್ಮ:
ನಮ್ಮದು ಶಹಾಪುರ ತಾಲೂಕಿನ ಹಳ್ಳಿ. ಅಣ್ಣನಿಗೆ ಸ್ಕಿಜೋಫ್ರೇನಿಯಾ. ಗುಳಿಗೆ ತಗೊಳ್ಳುವಾಗ ತೊಗರಿ ರಾಶಿಗೆ ನಮ್ಮ ಜೊತೆ ಸಮಕ್ಕೆ ಸಮ ದುಡಿಯುತ್ತಿದ್ದ. ಈಗ ಗುಳಿಗೆ ಬಿಟ್ಟಿದ್ದಾನೆ, ನೀವೆಲ್ಲ ವಿಷ ಹಾಕುತ್ತೀರಿ ಅಂತಾನೆ. ಅವ್ವ ರೊಟ್ಟಿ ಕೊಟ್ಟರೆ ಮೊದಲು ಒಂದು ತುಂಡು ನಾಯಿಗೆ ಹಾಕಿ, ಅದಕ್ಕೆ ಏನಾದರೂ ಆಗುತ್ತದಾ ಅಂತ ನೋಡುತ್ತಾ ಕೂರುತ್ತಾನೆ, ಎಷ್ಟೋ ಸಲ ಆಮೇಲೂ ಉಣ್ಣುವುದಿಲ್ಲ. ದವಾಖಾನೆಯಲ್ಲಿ ಪೇಷಂಟ್ ಒಪ್ಪದೆ ಸೇರಿಸಿಕೊಳ್ಳಲು ಬರಲ್ಲ, ಹೊಸ ಕಾನೂನು ಅಂತ ವಾಪಸ್ ಕಳಿಸಿದರು. ಊರವರು ಗಾಣಗಾಪುರಕ್ಕೆ ಕರ್ಕೊಂಡು ಹೋಗಿ, ಇಲ್ಲಾ ಕಟ್ಟಿ ಹಾಕಿ ಅಂತಾರೆ. ತನಗೆ ಹುಷಾರಿಲ್ಲ ಅಂತಲೇ ಗೊತ್ತಿಲ್ಲದವನ ಒಪ್ಪಿಗೆ ಕೇಳುವ ಕಾನೂನು ಯಾಕೆ ಬೇಕು?

ಕಲಬುರಗಿ ಸಿಸ್ಟರ್:
ತಮ್ಮಾ, ನಿಮಗೆ ಅರ್ಧ ಮಾತ್ರ ಹೇಳಿ ಕಳಿಸಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 89ನೇ ಕಲಂ ಓದಿ. ಪೇಷಂಟ್ ಒಪ್ಪದಿದ್ದರೂ ಮನೆಯವರು ಅರ್ಜಿ ಕೊಟ್ಟರೆ 30 ದಿನದವರೆಗೆ ಸೇರಿಸಿಕೊಳ್ಳಬಹುದು. ಇಬ್ಬರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಬೇಕು, ಅವರಲ್ಲಿ ಒಬ್ಬರು ಮನೋವೈದ್ಯರೇ ಆಗಿರಬೇಕು. ಹೊಡೆದಾಡಿದರೆ ಮಾತ್ರ ಅಂತ ಜಾಸ್ತಿ ಜನ ತಿಳಿದಿದ್ದಾರೆ, ಹಾಗಿಲ್ಲ. ತನ್ನ ಕಾಳಜಿ ತಾನೇ ಮಾಡಿಕೊಳ್ಳಲಾಗದೆ ಜೀವಕ್ಕೆ ಅಪಾಯ ಬಂದರೂ ಸಾಕು. ಉಣ್ಣುವುದು ಬಿಟ್ಟಿದ್ದನ್ನು ಅರ್ಜಿಯಲ್ಲಿ ಬಿಡಿಸಿ ಬರೆಯಿರಿ, ರೊಟ್ಟಿಯ ವಿಷಯ ಸಮೇತ.

ಬೀದರ್ ಹುಡುಗಿ:
ನಾನು ಬೈಪೋಲಾರ್, ಅಂದರೆ ಮನಸ್ಸು ಅತಿ ಉತ್ಸಾಹಕ್ಕೂ ಅತಿ ಖಿನ್ನತೆಗೂ ಹೊರಳುವ ಕಾಯಿಲೆ ಇರುವವಳು, ಆ ಕಡೆಯಿಂದ ಒಂದು ಮಾತು. ನನ್ನನ್ನೂ ಹಿಡಿದು ಗಾಡಿಗೆ ಹಾಕಿದ್ದರು. ಚಿಕಿತ್ಸೆ ಬೇಕಿತ್ತು ಅಂತ ಈಗ ಒಪ್ಪುತ್ತೇನೆ, ಆದರೆ ಎಲ್ಲಿಗೆ ಅಂತ ಒಬ್ಬರೂ ಹೇಳಲಿಲ್ಲ, ಅದು ಇನ್ನೂ ನೋಯುತ್ತದೆ. ಒಪ್ಪಿಗೆ ಕೇಳುವ ಕಾನೂನು ಸುಮ್ನೆ ಬಂದಿಲ್ಲ ಅಣ್ಣಾ. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಆಶ್ರಮಕ್ಕೆ ಬೆಂಕಿ ಬಿದ್ದಾಗ ಸರಪಳಿ ಹಾಕಿದ್ದ 28 ಜನ ಓಡಲಾಗದೆ ಸತ್ತರು. ಈಗ ಅದೇ ಕಾಯ್ದೆಯ 95ನೇ ಕಲಂ ಸರಪಳಿಯನ್ನು ಪೂರ್ತಿ ನಿಷೇಧಿಸಿದೆ. ದಯವಿಟ್ಟು ಕಟ್ಟಬೇಡಿ. ಇನ್ನೊಂದು, ನಿಮ್ಮ ಅಣ್ಣ ಹುಷಾರಾದ ಮೇಲೆ ಮತ್ತೆ ಹೀಗಾದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ಯಾರು ತನ್ನ ಪರ ನಿರ್ಧರಿಸಬೇಕು ಅಂತ ಅವರಿಂದಲೇ ಬರೆಸಿಡಿ. ಅದಕ್ಕೂ ಕಾಯ್ದೆಯಲ್ಲಿ ಜಾಗ ಇದೆ. ನಾನು ಬರೆದಿಟ್ಟಿದ್ದೇನೆ.

ಯಾದಗಿರಿ ಮೇಷ್ಟ್ರು:
ಸೇರಿಸುವುದಕ್ಕಿಂತ ದೊಡ್ಡ ಕಷ್ಟ ಮನೆಗೆ ಬಂದ ಮೇಲೆ ಶುರುವಾಗುತ್ತದೆ. ತಿಂಗಳಲ್ಲಿ ಹುಷಾರಾಗಿ ಬರುತ್ತಾರೆ, ಗುಳಿಗೆ ಮುಗಿಯುತ್ತದೆ, ಬಸ್ ಖರ್ಚು ಮತ್ತು ಒಂದು ದಿನದ ಕೂಲಿ ಬಿಟ್ಟು ಯಾರು ಜಿಲ್ಲಾ ಕೇಂದ್ರಕ್ಕೆ ಹೋಗಬೇಕು? ಇದನ್ನು ಹಳ್ಳಿಯ ಹತ್ತಿರವೇ ಮಾಡಬಹುದು ಅಂತ ದೇಶಕ್ಕೆ ತೋರಿಸಿದ್ದೇ ನಮ್ಮ ಬಳ್ಳಾರಿ ಜಿಲ್ಲೆ. ನಿಮ್ಹಾನ್ಸ್‌ನವರು 1985ರಿಂದ ಅಲ್ಲಿ ಸಾಮಾನ್ಯ ಡಾಕ್ಟರ್‌ಗಳಿಗೇ ತರಬೇತಿ ಕೊಟ್ಟು ನಡೆಸಿದ ಕೆಲಸ ನೋಡಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಆಮೇಲೆ ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅಂತ ಮಂಗಳವಾರ ತಾಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ವ್ಯವಸ್ಥೆಯೂ ಆಯಿತು. ಚಿಕಿತ್ಸೆಗೆ ದೂರ ಅಲೆಸಬಾರದು ಅಂತ 18ನೇ ಕಲಂ ಹೇಳುತ್ತದೆ. ನಾವು ಜಗಳ ಮಾಡಬೇಕಾದ್ದು ಒಪ್ಪಿಗೆ ಬೇಕೋ ಬೇಡವೋ ಅಂತಲ್ಲ, ಆ ಮಂಗಳವಾರ ತಪ್ಪಬಾರದು, ಔಷಧ ಖಾಲಿಯಾಗಬಾರದು ಅಂತ. ಗುಳಿಗೆ ಉಗುಳುವವರಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಸೂಜಿ ಇದೆ, ಅದು ತಾಲೂಕಿನಲ್ಲೇ ಸಿಗಬೇಕು ಅಂತ ಪಂಚಾಯಿತಿಯಿಂದ ಅರ್ಜಿ ಹಾಕಿಸಿ.

ಶಹಾಪುರದ ತಮ್ಮ:
ಅಕ್ಕಾ, 89 ಸರಿ. ಆದರೆ ಅವನು ಗಾಡಿನೇ ಹತ್ತುವುದಿಲ್ಲವಲ್ಲ?

ಕಲಬುರಗಿ ಸಿಸ್ಟರ್:
ಅದಕ್ಕೆ 94ನೇ ಕಲಂ. ಜೀವಕ್ಕೆ ಅಪಾಯ ಅನ್ನಿಸಿದರೆ ಯಾವುದೇ ನೋಂದಾಯಿತ ಡಾಕ್ಟರ್ ಮನೆಗೇ ಬಂದು, ಮನೆಯವರ ಒಪ್ಪಿಗೆ ಪಡೆದು ತುರ್ತು ಚಿಕಿತ್ಸೆ ಕೊಡಬಹುದು, 72 ಗಂಟೆಯವರೆಗೆ. ದವಾಖಾನೆಗೆ ಸಾಗಿಸುವುದೂ ಅದರಲ್ಲೇ ಬರುತ್ತದೆ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್ ಹತ್ತಿರ ನಾಳೆ ಬೆಳಗ್ಗೆಯೇ ಹೋಗಿ, ಹಳೆ ಚೀಟಿಗಳನ್ನೆಲ್ಲ ತಗೊಂಡು ಹೋಗಿ. ಇವತ್ತು ರಾತ್ರಿ ಏನಾದರೂ ಹೆಚ್ಚುಕಮ್ಮಿ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮತ್ತೆ ಬೀದರ್ ತಂಗಿ ಹೇಳಿದಂತೆ, ಗಾಡಿ ಹತ್ತಿಸುವ ಮೊದಲು ಎಲ್ಲಿಗೆ, ಯಾಕೆ ಅಂತ ಅಣ್ಣನಿಗೆ ಹೇಳಿ, ಅವರು ಕೇಳಿಸಿಕೊಳ್ಳದಂತೆ ಕಂಡರೂ ಹೇಳಿ.