‘ಪ್ರಿಸನೈಸೇಶನ್’: ‘ಕಾರಾಗೃಹೀಕರಣ’ ಬೇಡ ಅನ್ನಿಸುತ್ತಿದೆ, ಬೇರೆ ಪದ ಇದೆಯೇ?

ಎಲ್ಲರಿಗೂ ನಮಸ್ಕಾರ.

ಬಿ.ಎ. ಸಮಾಜಶಾಸ್ತ್ರದ ಮಕ್ಕಳಿಗಾಗಿ ಜೈಲಿನ ಬದುಕಿನ ಬಗ್ಗೆ ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇನೆ. ‘ಪ್ರಿಸನೈಸೇಶನ್’ ಎಂಬ ಒಂದು ಪದ ನಾಲ್ಕು ದಿನದಿಂದ ಕಾಡುತ್ತಿದೆ.

ಅಮೆರಿಕದ ಡೊನಾಲ್ಡ್ ಕ್ಲೆಮರ್ 1940ರಲ್ಲಿ ಇದನ್ನು ಬಳಕೆಗೆ ತಂದರು. ಇಲಿನಾಯ್ ರಾಜ್ಯದ ಮೆನಾರ್ಡ್ ಜೈಲಿನಲ್ಲಿ ಕೆಲಸ ಮಾಡುತ್ತ ಕೈದಿಗಳನ್ನು ಹತ್ತಿರದಿಂದ ಕಂಡವರು ಅವರು. ಒಳಗಿನವರ ರೂಢಿ, ಕಟ್ಟಳೆ, ಸರಿ-ತಪ್ಪಿನ ಲೆಕ್ಕ ಹೊಸ ಕೈದಿಗೆ ನಿಧಾನವಾಗಿ, ಕೆಲವರಿಗೆ ಜಾಸ್ತಿ ಕೆಲವರಿಗೆ ಕಡಿಮೆ, ಮೈಗೂಡುತ್ತ ಹೋಗುತ್ತವೆ. ಅದಕ್ಕೆ ಅವರಿಟ್ಟ ಹೆಸರು ಇದು.

ಮೊದಲು ನಾನು ‘ಕಾರಾಗೃಹೀಕರಣ’ ಎಂದು ಬರೆದೆ. ಓದಿದರೆ ಊರನ್ನೇ ಜೈಲು ಮಾಡಿದ ಹಾಗೆ ಕೇಳುತ್ತದೆ, ಅಲ್ವಾ? ‘ನಗರೀಕರಣ’ ಇದೆಯಲ್ಲ ಎನ್ನಬಹುದು. ಆದರೆ ಅಲ್ಲಿ ಊರು ನಗರವಾಗುತ್ತದೆ. ಇಲ್ಲಿ ಮನುಷ್ಯ ಜೈಲಾಗುವುದಿಲ್ಲ.

ಆಮೇಲೆ ‘ಪಳಗು’ ಹೊಳೆಯಿತು. ತುಂಬ ಇಷ್ಟವಾಯಿತು. ಆದರೆ ಅದರೊಳಗೆ ಎರಡು ದಾರಿಗಳಿವೆ. ಪಳಗಿದ ಆನೆ ಮಾವುತನ ಮಾತು ಕೇಳುತ್ತದೆ. ಪಳಗಿದ ಕೈಗೆ ಕೆಲಸದ ಒಳಗುಟ್ಟು ಗೊತ್ತಿರುತ್ತದೆ. ಕ್ಲೆಮರ್ ಹೇಳುವುದು ಎರಡನೆಯದಕ್ಕೆ ಹತ್ತಿರ. ಕೈದಿ ಕಲಿಯುವುದು ಜೊತೆಯ ಕೈದಿಗಳ ಕಟ್ಟಳೆಯನ್ನು, ಅದು ಎಷ್ಟೋ ಸಲ ಅಧಿಕಾರಿಗಳಿಗೆ ಎದುರಾದದ್ದು. ‘ಜೈಲಿನಲ್ಲಿ ಪಳಗಿದವನು’ ಎಂದರೆ ಓದುವ ಹುಡುಗ ಆನೆಯನ್ನು ನೆನೆದರೆ ಅರ್ಥ ಪೂರ್ತಿ ತಿರುಗಿಬಿಡುತ್ತದೆ.

ಈಗ ‘ಒಗ್ಗು’ ಎಂಬಲ್ಲಿಗೆ ಬಂದಿದ್ದೇನೆ. ಊರಿನ ನೀರು ಒಗ್ಗಿತು ಎನ್ನುತ್ತೇವಲ್ಲ, ಹಾಗೆ. ಇದಕ್ಕೆ ಇನ್ನೊಂದು ಕಾರಣವೂ ಇದೆ. 1961ರಲ್ಲಿ ಸ್ಟಾಂಟನ್ ವೀಲರ್ ಒಂದು ವಿಷಯ ತೋರಿಸಿದರು. ಶಿಕ್ಷೆಯ ನಡುಗಾಲದಲ್ಲಿ ಕೈದಿಗಳು ಹೊರಗಿನ ರೀತಿನೀತಿಯಿಂದ ಜಾಸ್ತಿ ದೂರ ಇರುತ್ತಾರೆ, ಬಿಡುಗಡೆ ಹತ್ತಿರವಾದಂತೆ ಮತ್ತೆ ಅದರ ಕಡೆ ವಾಲುತ್ತಾರೆ. ಒಗ್ಗಿದ್ದು ಬಿಟ್ಟೂ ಹೋಗಬಹುದು. ‘ಪಳಗು’ ಎಂದರೆ ಆ ಸಡಿಲ ಉಳಿಯುವುದಿಲ್ಲ.

ನಾಮಪದ ಮಾಡುವಾಗ ‘ಸೆರೆಯೊಗ್ಗಿಕೆ’ ಎಂದು ಬರೆದು ಅಳಿಸಿದೆ. ಉತ್ತರ ಕರ್ನಾಟಕದ ಕಡೆ ಸೆರೆ ಎಂದರೆ ಹೆಂಡವೂ ಹೌದು. ‘ಜೈಲೊಗ್ಗಿಕೆ’ ಹೇಗೆ? ಬಾಯಿಗೆ ಸ್ವಲ್ಪ ಒರಟಾಯಿತೇ?

ಜೊತೆಗೆ ಇನ್ನೂ ಕೆಲವು ಪದಗಳು. ಗ್ರೆಶಮ್ ಸೈಕ್ಸ್ 1958ರಲ್ಲಿ ನ್ಯೂಜರ್ಸಿಯ ಜೈಲನ್ನು ನೋಡಿ, ಸ್ವಾತಂತ್ರ್ಯ, ಬೇಕಾದ ವಸ್ತುಗಳು, ಹೆಣ್ಣಿನ ಒಡನಾಟ, ತನ್ನಿಷ್ಟದಂತೆ ನಡೆಯುವ ಹಕ್ಕು, ಭದ್ರತೆ ಈ ಐದನ್ನು ಕಳೆದುಕೊಂಡ ನೋವೇ ಒಳಗಿನ ಕಟ್ಟಳೆಯನ್ನು ಹುಟ್ಟಿಸುತ್ತದೆ ಎಂದರು. ಹೀಗೆ ಕಳೆದುಕೊಳ್ಳುವುದಕ್ಕೆ ಇರುವ ‘ಡೆಪ್ರಿವೇಶನ್’ ಪದಕ್ಕೆ ‘ವಂಚಿತತೆ’ ಬಳಸಿದರೆ ಯಾರೋ ಮೋಸ ಮಾಡಿದಂತಾಗುತ್ತದೆ. 1962ರಲ್ಲಿ ಇರ್ವಿನ್ ಮತ್ತು ಕ್ರೆಸ್ಸಿ, ಅಲ್ಲ, ಕೈದಿಗಳು ಅದನ್ನು ಹೊರಗಿನಿಂದಲೇ ತರುತ್ತಾರೆ ಎಂದು ವಾದಿಸಿದರು. ಅದು ‘ಆಮದು ಸಿದ್ಧಾಂತ’ವಾದರೆ ಬಂದರಿನ ಸರಕು ಕಣ್ಣಿಗೆ ಬರುತ್ತದೆ. ‘ಒಳಗೆ ಹುಟ್ಟಿದ್ದು’, ‘ಹೊತ್ತು ತಂದದ್ದು’ ಎಂದು ಸುಮ್ನೆ ಬರೆದರೆ ಪಾಠ ತಾನೇ ತಿಳಿಯಾಗುತ್ತದೆ ಎಂದು ನನ್ನ ನಂಬಿಕೆ. ಅಪರಾಧವನ್ನು ಮನುಷ್ಯ ಒಡನಾಡುವವರಿಂದ ಕಲಿಯುತ್ತಾನೆ ಎಂದ ಅಮೆರಿಕದ ಅಪರಾಧಶಾಸ್ತ್ರಜ್ಞ ಸದರ್ಲೆಂಡ್ ಅವರ ‘ಅಸೋಸಿಯೇಶನ್’ಗೆ ‘ಸಹವಾಸ’ ಸಿದ್ಧವಾಗಿಯೇ ಇದೆ. ‘ಸಹವಾಸ ದೋಷ’ ಮಾತ್ರ ಬೇಡ. ಕಾನೂನಿಗೆ ತಕ್ಕಂತೆ ನಡೆಯುವುದನ್ನೂ ಮನುಷ್ಯ ಸಹವಾಸದಿಂದಲೇ ಕಲಿಯುತ್ತಾನೆ ಎಂಬುದು ಅವರ ಮಾತಿನ ಅರ್ಧ ಭಾಗ.

ನಾನು ಇಷ್ಟು ತಲೆಕೆಡಿಸಿಕೊಳ್ಳಲು ಕಾರಣ ಕ್ಲೆಮರ್ ಅವರದೇ ಒಂದು ಮಾತು. ಎಲ್ಲ ಕೈದಿಗಳಿಗೂ ಆಗುವ ಬದಲಾವಣೆಗಳಲ್ಲಿ ಅವರು ಊಟ, ಉಡುಪು, ನಿದ್ದೆಯ ಹೊಸ ಅಭ್ಯಾಸಗಳ ಜೊತೆ ಜೈಲಿನ ನುಡಿಯನ್ನು ಕಲಿಯುವುದನ್ನೂ ಸೇರಿಸಿದ್ದರು. ನಮ್ಮ ‘ಕಂಬಿ ಎಣಿಸು’, ‘ಮುದ್ದೆ ಮುರಿ’, ‘ಮಾವನ ಮನೆ’ ಎಲ್ಲ ಹೊರಗೆ ನಿಂತವರ ಮಾತು. ಒಳಗಿದ್ದವರು ತಮಗಾದದ್ದನ್ನು ಏನೆಂದು ಹೇಳುತ್ತಾರೆ? ಭಾರತದ ಜೈಲುಗಳಲ್ಲಿರುವವರಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣಾಧೀನರು. ತೀರ್ಪು ಬರುವ ಮೊದಲೇ ಅವರಿಗೆ ಜೈಲು ಒಗ್ಗಲು ಶುರುವಾಗಿರುತ್ತದೆ.

ಜೈಲಿನಲ್ಲಿ ಪಾಠ ಹೇಳಿದವರು, ನಾಟಕ ಆಡಿಸಿದವರು, ವಕೀಲರು ಈ ಬಳಗದಲ್ಲಿದ್ದೀರಿ. ಹಳೆಯ ಕೈದಿ ಹೊಸಬನ ಬಗ್ಗೆ ‘ಇವನು ಈಗ...’ ಎಂದು ಶುರುಮಾಡಿ ಯಾವ ಕ್ರಿಯಾಪದ ಹೇಳುತ್ತಾನೆ? ನೀವು ಕಿವಿಯಾರೆ ಕೇಳಿದ್ದನ್ನೇ ತಿಳಿಸಿ. ಬೀದರಿನ ಮಾತಾದರೂ ಸರಿ, ಮಂಗಳೂರಿನದಾದರೂ ಸರಿ.